ತಬಲಾ ಬಂದರೆ ಕಿವಿ ಮುಚ್ಚುವ ಹುಡುಗ: ಬ್ಯಾಚಿನಲ್ಲಿ ಕೂರಿಸಿ ಕಲಿಸಬಹುದೇ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹಿಂದೂಸ್ತಾನಿ ಗಾಯನದ ಕ್ಲಾಸು ನಡೆಸುತ್ತೇನೆ. ಸಂಜೆ ಬ್ಯಾಚಿಗೆ ಎಂಟು ಮಕ್ಕಳು. ಎರಡು ತಿಂಗಳಿಂದ ಆಟಿಸಂ ಇರುವ ಒಂಬತ್ತು ವರ್ಷದ ಹುಡುಗ ಬರುತ್ತಿದ್ದಾನೆ. ಮಾತು ಕಡಿಮೆ. ಟಿವಿಯಲ್ಲಿ ಕೇಳಿದ ಭಜನೆಯನ್ನು ಮನೆಯಲ್ಲಿ ಸ್ವರ ತಪ್ಪದೆ ಹಾಡುತ್ತಾನಂತೆ. ಇಲ್ಲಿ ತಬಲಾ ಶುರುವಾದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾನೆ. ನಾನು ಹೇಳಿದ ಮಾತನ್ನೇ ತಿರುಗಿ ಹೇಳುತ್ತಾನೆ. ಅದೇ ಭಜನೆಯನ್ನು ನಮ್ಮ ಕ್ಲಾಸಿನ ಪಟ್ಟಿ (ಶ್ರುತಿ) ಕಪ್ಪು 4ರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ನಾಲ್ಕನೆಯ ಕಪ್ಪು ಮನೆಯನ್ನು ‘ಸಾ’ ಮಾಡಿಕೊಂಡು, ಹಾಡಿಸಹೋದರೆ ಅಳುತ್ತಾನೆ. ಬೇರೆ ಪಾಲಕರು ಗೊಣಗುತ್ತಿದ್ದಾರೆ. ಅವನನ್ನು ಬ್ಯಾಚಿನಿಂದ ತೆಗೆಯಬೇಕೇ? ಸಂಗೀತದಿಂದ ಮಾತು ಬರುತ್ತದೆಯೇ? ಪರೀಕ್ಷೆಗೆ ಕೂರಿಸಬಹುದೇ?

ಉತ್ತರ: ಬ್ಯಾಚಿನಿಂದ ತೆಗೆಯಬೇಡಿ, ಇಡೀ ಒಂದು ತಾಸು ಕೂರಿಸಲೂ ಬೇಡಿ. ಸದ್ಯಕ್ಕೆ ಉಳಿದವರಿಗಿಂತ 15 ನಿಮಿಷ ಮುಂಚೆ ಅವನನ್ನು ಕರೆಸಿ, ಅವನೊಬ್ಬನಿಗೇ ಪಾಠ ಮಾಡಿ, ಆಮೇಲೆ ಬ್ಯಾಚಿನ ಮೊದಲ 10 ನಿಮಿಷ ಎಲ್ಲರ ಜೊತೆ ಕೂರಿಸಿ ಕಳಿಸಿಕೊಡಿ. ಗದ್ದಲ ತುಂಬಿದ ಕೋಣೆಗೆ ಕೊನೆಯವನಾಗಿ ಕಾಲಿಡುವುದಕ್ಕಿಂತ, ಮೊದಲೇ ಬಂದು ಕೂತು ಒಬ್ಬೊಬ್ಬರಾಗಿ ಒಳಗೆ ಬರುವವರನ್ನು ನೋಡುವುದು ಇಂಥ ಮಕ್ಕಳಿಗೆ ಎಷ್ಟೋ ಸುಲಭ. 10 ನಿಮಿಷ ಸಲೀಸಾದರೆ 15, ಆಮೇಲೆ 20. ಅವನು ಖುಷಿಯಾಗಿದ್ದಾಗಲೇ ಮುಗಿಸಿ. ಅಳು ಬಂದ ಮೇಲೆ ಮುಗಿಸಿದರೆ ಮನೆಗೆ ಒಯ್ಯುವ ನೆನಪು ಆ ಅಳುವಿನದೇ.

ನೀವು ಬರೆದ ಮೂರೂ ತೊಂದರೆಗಳ ಬೇರು ಒಂದೇ ಕಡೆ ಇದೆ ಅನಿಸುತ್ತದೆ. ಹುಡುಗನ ಕಿವಿ ಬಹಳ ಚುರುಕು. ಮುಂದಿನ ಕ್ಷಣ ಆ ಕಿವಿಗೆ ಏನು ಬಂದು ಬೀಳುತ್ತದೆ ಎಂಬುದು ಅವನಿಗೆ ಗೊತ್ತಾಗುತ್ತಿಲ್ಲ. ಶಬ್ದ, ಬೆಳಕು, ಸ್ಪರ್ಶ ಅತಿಯಾಗಿ ತಾಗುವುದನ್ನು 2013ರಲ್ಲಿ ಬಂದ ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ) ಆಟಿಸಂನ ಲಕ್ಷಣಗಳ ಪಟ್ಟಿಯಲ್ಲೇ ಸೇರಿಸಿದೆ. ಅದು ಹಟವಲ್ಲ, ಮುದ್ದು ಹೆಚ್ಚಾಗಿದ್ದೂ ಅಲ್ಲ. ಆದರೂ ಒಮ್ಮೆ ಇಎನ್‌ಟಿ ಡಾಕ್ಟರಿಗೆ ತೋರಿಸುವಂತೆ ಪಾಲಕರಿಗೆ ಹೇಳಿ. ಗುಗ್ಗೆ ಗಟ್ಟಿಯಾಗಿರಬಹುದು, ಕಿವಿ ಸೋರುತ್ತಿರಬಹುದು. ಮಾತು ಕಡಿಮೆಯಿರುವ ಮಗು ಕಿವಿನೋವನ್ನೂ ಕಿವಿ ಮುಚ್ಚಿಯೇ ಹೇಳುತ್ತದೆ.

ಮೊದಲು ಕೋಣೆ ನೋಡಿಕೊಳ್ಳಿ. ಆರ್‌ಸಿಸಿ ತಾರಸಿ, ಟೈಲ್ಸ್ ನೆಲ, ಬೋಳು ಗೋಡೆ ಇದ್ದರೆ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಝಿಂಯ್’ ಎಂದು ಬಾಲ ಉಳಿದರೆ, ತಬಲಾದ ಒಂದೊಂದು ‘ನಾ’ ಹೊಡೆತಕ್ಕೂ ಆ ಬಾಲ ಅಂಟಿಕೊಳ್ಳುತ್ತದೆ, ಅದರ ಮೇಲೆಯೇ ಮುಂದಿನ ಪೆಟ್ಟು ಬೀಳುತ್ತದೆ. ನೆಲಕ್ಕೆ ಜಮಖಾನ ಹಾಸಿ, ಗೋಡೆಗೆ ಕೌದಿ ಕಟ್ಟಿ. ನಾಲ್ಕೂ ಗೋಡೆಗೆ ಬೇಕಿಲ್ಲ, ಪಕ್ಕಪಕ್ಕದ ಎರಡು ಗೋಡೆಗೆ ಸಾಕು. ಎದುರುಬದುರು ಬೋಳು ಗೋಡೆಗಳ ನಡುವೆ ಶಬ್ದ ಚೆಂಡಿನ ಹಾಗೆ ಪುಟಿಯುವುದು ಅಷ್ಟಕ್ಕೇ ಬಹಳ ಮಟ್ಟಿಗೆ ತಗ್ಗುತ್ತದೆ. ಗೋಡೆಗೆ ಒತ್ತಿ ಮೊಳೆ ಹೊಡೆಯುವ ಬದಲು 2–3 ಇಂಚು ಮುಂದೆ ತಂತಿ ಎಳೆದು ತೂಗುಬಿಟ್ಟರೆ ಕೌದಿ ಹೆಚ್ಚು ಹೀರುತ್ತದೆ. ಆದರೆ ಅದು ಹೀರುವುದು ಚೂಪು ಶಬ್ದವನ್ನು. ಡಗ್ಗಾದ (ತಬಲಾ ಜೋಡಿಯಲ್ಲಿ ಎಡಗೈಯಿಂದ ಬಾರಿಸುವ ದೊಡ್ಡದು) ಗುಂಕಾರಕ್ಕೆ ಕೌದಿ ಸಾಲದು, ಅದಕ್ಕೆ ಜಾಗವೇ ಔಷಧ: ಮೂಲೆಯಲ್ಲಿಟ್ಟ ಡಗ್ಗಾ ಇನ್ನಷ್ಟು ಉಬ್ಬಿ ಕೇಳುತ್ತದೆ, ಹಾಗಾಗಿ ಗೋಡೆ ಬಿಟ್ಟು ಮೂರ್ನಾಲ್ಕು ಅಡಿ ಈಚೆ ತನ್ನಿ.

ಇನ್ನೊಂದು, ಯಾರ ಗಮನಕ್ಕೂ ಬಾರದ್ದು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸಣ್ಣಗೆ ಗುಂಯ್ ಅನ್ನುತ್ತಿರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಆ ಗುಂಯ್ 100 ಹರ್ಟ್ಸ್‌ನಲ್ಲಿ, ಅದರ ದುಪ್ಪಟ್ಟು 200ರಲ್ಲಿ. ಕಪ್ಪು 4ರ ಷಡ್ಜ (‘ಸಾ’) ಸುಮಾರು 207.6 ಹರ್ಟ್ಸ್, ತಂಬೂರಿಯ ಖರಜ (ಕೆಳಗಿನ ‘ಸಾ’) 103.8. ಹೀಗೆ ಷಡ್ಜಕ್ಕೆ ತೀರಾ ಹತ್ತಿರ, ಆದರೂ ಕೂಡಿಕೊಳ್ಳದ ಒಂದು ಸ್ವರ ಇಡೀ ಪಾಠದ ಉದ್ದಕ್ಕೂ ಗೀರುತ್ತಿರುತ್ತದೆ. ನಮ್ಮ ಕಿವಿ ಅದನ್ನು ಬಿಟ್ಟುಬಿಡುತ್ತದೆ, ಅವನ ಕಿವಿ ಬಿಡಲಿಕ್ಕಿಲ್ಲ. ಎಲ್‌ಇಡಿ ಹಾಕಿಸಿ. ಹಾರ್ಮೋನಿಯಮ್ಮನ್ನೂ ಮೊಬೈಲಿನ ಟ್ಯೂನರ್ ಹಿಡಿದು ಒಮ್ಮೆ ಪರೀಕ್ಷಿಸಿ. ಹಳೆಯ ರೀಡುಗಳು 10–20 ಸೆಂಟ್‌ನಷ್ಟು ಜಾರಿರುವುದು ಸಾಮಾನ್ಯ. ಸೆಂಟ್ ಎಂದರೆ ಸ್ವರದ ಅಂತರದ ಅಳತೆ; ಹಾರ್ಮೋನಿಯಮ್ಮಿನ ಎರಡು ಅಕ್ಕಪಕ್ಕದ ಮನೆಗಳ (ಕೀಲಿಗಳ, ಕಪ್ಪೂ ಸೇರಿ) ನಡುವಿನ ಅಂತರ 100 ಸೆಂಟ್. ತಂಬೂರಿ ಆ್ಯಪ್ ಕರಾರುವಾಕ್ಕಾಗಿದ್ದು ಪೆಟ್ಟಿಗೆ (ಹಾರ್ಮೋನಿಯಂ) ಜಾರಿದ್ದರೆ ಎರಡೂ ಕೂಡಿ ಷಡ್ಜ ಅಲುಗುತ್ತದೆ. ತಂಬೂರಿಯನ್ನು ಪೆಟ್ಟಿಗೆಗೆ ಹೊಂದಿಸಿ. ಬಹಳಷ್ಟು ಆ್ಯಪ್‌ಗಳಲ್ಲಿ ಸೂಕ್ಷ್ಮವಾಗಿ ಏರಿಸಿ ಇಳಿಸುವ ಅನುಕೂಲ ಇರುತ್ತದೆ.

ಈಗ ತಬಲಾ. ‘ದಿನಾ ಕೇಳಿದರೆ ರೂಢಿ ಆಗತೈತಿ’ ಎಂದು ಕೈ ಹಿಡಿದು ಕೂರಿಸುವುದು, ಕಿವಿಯ ಮೇಲಿನ ಕೈ ಬಿಡಿಸುವುದು, ಇವೆರಡರಿಂದ ಹೆದರಿಕೆ ಬಲಿಯುತ್ತದೆಯೇ ಹೊರತು ರೂಢಿಯಾಗುವುದಿಲ್ಲ. ತಬಲಾದ ತೊಂದರೆ ಬರೀ ಜೋರು ಅಲ್ಲ, ಅದು ಹೇಳದೇ ಕೇಳದೇ ಬರುವುದು. ಮುಖಡಾ (ಹಾಡಿನ ಆರಂಭದ ತುಣುಕು) ಮುಗಿಯುವಷ್ಟರಲ್ಲಿ ಉಠಾನ್ (ತಬಲಾದ ಜೋರಿನ ಎತ್ತುಗಡೆ) ಬಾರಿಸಿ ಸಮ್ (ತಾಳದ ಮೊದಲ ಮಾತ್ರೆ) ಮೇಲೆ ಬಂದು ಬೀಳುವ ಗತ್ತು ನಿಮ್ಮ ತಬಲಜಿಗೆ ಇದ್ದರೆ ಅದನ್ನು ದೊಡ್ಡವರ ಬ್ಯಾಚಿಗೆ ಇಟ್ಟುಕೊಳ್ಳಲಿ. ಸುತ್ತಿಗೆ ಹಿಡಿದು ಗಜರಾಕ್ಕೆ (ತಬಲಾದ ಅಂಚಿನ ಹೆಣೆದ ಚರ್ಮ) ಹೊಡೆದು ಶ್ರುತಿ ಮಾಡುವ ಕೆಲಸ ಹುಡುಗ ಬರುವ ಮೊದಲೇ ಮುಗಿದಿರಲಿ. ಎಷ್ಟೋ ಸಲ ಮಗು ಓಡುವುದು ತಾಳದ ಠೇಕಾಕ್ಕಲ್ಲ, ಆ ಸುತ್ತಿಗೆಯ ಹೊಡೆತಕ್ಕೆ.

ಕ್ರಮ ಹೀಗಿರಲಿ. ಮೊದಲ ಪಾಠಗಳಲ್ಲಿ ತಬಲಾ ಸುಮ್ಮನೆ ಕೋಣೆಯಲ್ಲಿರುತ್ತದೆ, ಯಾರೂ ಬಾರಿಸುವುದಿಲ್ಲ. ಅವನು ಬೇಕಾದರೆ ಮುಟ್ಟಿ ನೋಡಲಿ. ನಂತರ ತಬಲಾ, ಡಗ್ಗಾ ಎರಡರ ಮೇಲೂ ಮಡಚಿದ ಕರವಸ್ತ್ರ ಹಾಸಿ, ಬಾರಿಸುವ ಬೆರಳು ಅವನದೇ ಆಗಿರಲಿ. ತಾನೇ ಹುಟ್ಟಿಸಿದ ಶಬ್ದ ಯಾರನ್ನೂ ಅಷ್ಟಾಗಿ ಬೆಚ್ಚಿಬೀಳಿಸುವುದಿಲ್ಲ. ಇದಾದ ಮೇಲೆ ತಬಲಜಿ 10 ಅಡಿ ದೂರ ಕೂತು, ಹುಡುಗನಿಗೆ ಕಾಣುವಂತೆ ಕೈ ಎತ್ತಿ, ‘ಒಂದು, ಎರಡು, ಮೂರು’ ಎಣಿಸಿ ಒಂದೇ ಒಂದು ‘ಧಾ’ ಬಾರಿಸಲಿ. ಬಾಗಿಲ ಹತ್ತಿರ ಕೂರುವವನು ಹುಡುಗ, ತಬಲಜಿಯಲ್ಲ. ಅದು ಸಲೀಸಾದರೆ ಎಂಟು ಮಾತ್ರೆಯ ಕೆಹರವಾ ತಾಳದ ಒಂದೇ ಆವರ್ತನ (ಒಂದು ಸುತ್ತು), ‘ಧಾ ಗೆ ನಾ ತಿ, ನ ಕ ಧಿ ನ’, ನಿಮಿಷಕ್ಕೆ 60 ಮಾತ್ರೆಯ ಲಯದಲ್ಲಿ. ಎಂಟು ಸೆಕೆಂಡಿನ ಕೆಲಸ. ಮುಗಿದೊಡನೆ ತಬಲಜಿ ಎರಡೂ ಕೈಯನ್ನು ಮಡಿಲಲ್ಲಿಟ್ಟು ತೋರಿಸಬೇಕು. ಆವರ್ತನ ಒಂದರಿಂದ ಎರಡು, ಎರಡರಿಂದ ನಾಲ್ಕು. ಕರವಸ್ತ್ರ ತೆಗೆಯುವುದು ಆಮೇಲೆ, ಅದೂ ಮೊದಲು ಡಗ್ಗಾದ್ದು ಹಾಗೇ ಇರಲಿ. ಒಂದು ಹೆಜ್ಜೆ ಒಂದೇ ಪಾಠದಲ್ಲಿ ಮುಗಿಯಬಹುದು, ಮೂರು ವಾರವೂ ಹಿಡಿಯಬಹುದು. ಜ್ವರ, ನಿದ್ದೆಗೇಡು, ಬಿಸಿಲ ಝಳದ ದಿನ ಎರಡು ಹೆಜ್ಜೆ ಹಿಂದೆ ಹೋಗುತ್ತದೆ. ಅಂದು ಹಿಂದಿನ ಹೆಜ್ಜೆಯಿಂದಲೇ ಶುರು ಮಾಡಿ.

ಕಾರ್ಖಾನೆಯಲ್ಲಿ ಹಾಕಿಕೊಳ್ಳುವ ಇಯರ್ ಮಫ್ ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, 20–25 ಡೆಸಿಬಲ್ ತಗ್ಗಿಸುತ್ತದೆ. ಅವನ ಕೈಗೆಟಕುವ ಗೂಟಕ್ಕೆ ತೂಗುಹಾಕಿ. ಹಾಕಿಕೊಳ್ಳುವುದು, ತೆಗೆಯುವುದು ಅವನಿಷ್ಟ. ಕ್ಲಾಸಿನ ಪೂರ್ತಿ ಹಾಕಿಸಿ ಕೂರಿಸಬೇಡಿ, ನಿಶ್ಶಬ್ದಕ್ಕೆ ಒಗ್ಗಿದ ಕಿವಿಗೆ ಸಣ್ಣ ಶಬ್ದವೂ ದೊಡ್ಡದಾಗುತ್ತದೆ. ಕಿವಿಗೆ ಹತ್ತಿ ಇಡುವುದರಿಂದ ಹೆಚ್ಚೇನೂ ಉಪಯೋಗವಾಗದು.

ಪಟ್ಟಿ ಬದಲಿಸಿದರೆ ಅಳುವ ವಿಷಯಕ್ಕೆ ಬರೋಣ. ಟಿವಿಯ ಭಜನೆ ಯಾವ ಸ್ವರದಲ್ಲಿದೆ ಎಂದು ಪೆಟ್ಟಿಗೆ ಹಿಡಿದು ನೋಡಿ. ಗಂಡು ದನಿಯದಾದರೆ ಬಹುಶಃ ಕಪ್ಪು 1ರ ಆಸುಪಾಸು. ಹುಡುಗ ಮನೆಯಲ್ಲಿ ಟಿವಿ ಇಲ್ಲದೆಯೂ ಅದೇ ಸ್ವರಕ್ಕೆ ಎತ್ತಿಕೊಳ್ಳುತ್ತಾನಾ ಎಂದು ತಾಯಿಯಿಂದ ನಾಲ್ಕೈದು ದಿನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿಕೊಳ್ಳಿ. ಪ್ರತಿ ಸಲವೂ ಅಲ್ಲಿಗೇ ಬಂದರೆ ಅವನಿಗೆ ಸ್ವರದ ಎತ್ತರವೇ ನೆನಪಿರುತ್ತದೆ; ಉಳಿದವರಿಗಿಂತ ಆಟಿಸಂ ಇರುವವರಲ್ಲಿ ಇದು ಹೆಚ್ಚು ಕಾಣುತ್ತದೆ. ಅಂಥ ಕಿವಿಗೆ ಕಪ್ಪು 1ರ ಭಜನೆಯೂ ಕಪ್ಪು 4ರ ಭಜನೆಯೂ ಒಂದೇ ಅಲ್ಲ. ನೀವು ‘ಅದೇ ಹಾಡು’ ಎನ್ನುತ್ತಿದ್ದೀರಿ, ಅವನ ಕಿವಿಗೆ ಅದು ತಪ್ಪಾಗಿ ಹಾಡಿದ ಹಾಡು.

ಅವನ ಪಾಠದ ಆ 15 ನಿಮಿಷ ಅವನ ಪಟ್ಟಿಯಲ್ಲೇ ಶುರುವಾಗಲಿ. ಭಜನೆ ಹಾಡಿಸಿ, ಖುಷಿಯಾಗಿರಲಿ. ಆಮೇಲೆ ಷಡ್ಜ ಜಾಗ ಬದಲಿಸುತ್ತದೆ ಎಂಬುದನ್ನು ಕಣ್ಣಿಗೆ ತೋರಿಸಿ: ಕಿತ್ತು ಅಂಟಿಸುವ ಕೆಂಪು ಸ್ಟಿಕ್ಕರಿನ ಮೇಲೆ ‘ಸಾ’ ಬರೆದು ಕಪ್ಪು 1ರ ಮೇಲೆ ಹಚ್ಚಿ. ಅಲ್ಲಿಂದ ಬಿಳಿ 1, ಬಿಳಿ 7, ಕಪ್ಪು 5, ಬಿಳಿ 6, ಕಪ್ಪು 4, ಹೀಗೆ ಐದು ಹೆಜ್ಜೆಯಲ್ಲಿ ನಿಮ್ಮ ಪಟ್ಟಿಗೆ ಇಳಿಯಬಹುದು. ವಾರಕ್ಕೆ ಒಂದೇ ಹೆಜ್ಜೆ. ಸ್ಟಿಕ್ಕರನ್ನು ಅವನೇ ಕಿತ್ತು ಅವನೇ ಹಚ್ಚಲಿ, ಹೊಸ ಜಾಗದ ಷಡ್ಜವನ್ನು ಅರ್ಧ ನಿಮಿಷ ತಂಬೂರಿಯೊಂದಿಗೆ ಕೇಳಲಿ, ನಂತರ ಭಜನೆ. ಬಹಳ ಜನ ಮಾಡುವ ತಪ್ಪೆಂದರೆ ಮಾರ್ಕರ್ ಪೆನ್ನಿನಿಂದ ಬಿಳಿ 1ರ ಮೇಲೆ ‘ಸ’, ಬಿಳಿ 2ರ ಮೇಲೆ ‘ರಿ’ ಎಂದು ಖಾಯಂ ಬರೆದುಬಿಡುವುದು. ಇಂಥ ಮಗು ಅದನ್ನು ಅಕ್ಷರಶಃ ನಂಬುತ್ತದೆ, ಮುಂದೆ ವರ್ಷಗಟ್ಟಲೆ ಷಡ್ಜ ಅಲ್ಲಿಂದ ಕದಲುವುದಿಲ್ಲ. ಐದು ಹೆಜ್ಜೆ ಇಳಿದ ಮೇಲೂ ಒಪ್ಪದಿದ್ದರೆ ವಾರಕ್ಕೊಮ್ಮೆ ಇಡೀ ಬ್ಯಾಚು ಅವನ ಪಟ್ಟಿಯಲ್ಲಿ ಹಾಡಲಿ, ಎಂಟು ಮಕ್ಕಳಿಗೆ ಅದರಿಂದ ನಷ್ಟವೇನಿಲ್ಲ.

ತಿರುಗಿ ಹೇಳುವುದು ದೋಷವಲ್ಲ. ಗುರು ಹಾಡಿದ್ದನ್ನು ಶಿಷ್ಯ ತಿರುಗಿ ಹಾಡುವುದರ ಮೇಲೆಯೇ ನಮ್ಮ ಗಾಯನ ನಿಂತಿದೆ. ನಿಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಸುಳೇಬಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲ್ಯದಲ್ಲಿ ಹೆಸರಾದದ್ದೇ ಗ್ರಾಮೋಫೋನ್ ತಟ್ಟೆಯಲ್ಲಿ ಕೇಳಿದ್ದನ್ನು ಹಾಗೆಯೇ ಹಾಡಿ; ಮುಂಬೈಯಲ್ಲಿ ಬಿ. ಆರ್. ದೇವಧರರ ಹತ್ತಿರ ಪಾಠವಾದದ್ದು ಅದರ ನಂತರ. ನಿಮ್ಮ ಕ್ಲಾಸಿನಲ್ಲಿ ತೊಡಕಾಗುತ್ತಿರುವುದು ನೀವು ಮಾತಾಡುವುದನ್ನೂ ಹಾಡುವುದನ್ನೂ ಒಂದೇ ಉಸಿರಿನಲ್ಲಿ ಮಾಡುತ್ತಿರುವುದರಿಂದ. ‘ಹಾಂ, ಈಗ ಗ ಪ ಹೇಳು ನೋಡೋಣ, ಗ– ಪ–’ ಎಂದರೆ ಅವನು ‘ಹಾಂ, ಈಗ’ದಿಂದಲೇ ಶುರು ಮಾಡುತ್ತಾನೆ, ನೀವು ಕೆಮ್ಮಿದ್ದರೆ ಅದನ್ನೂ ಸೇರಿಸಿ. ಬಾಯಿಯನ್ನು ಹಾಡಲಿಕ್ಕೆ ಮಾತ್ರ ಇಟ್ಟುಕೊಳ್ಳಿ. ಅಂಗೈ ನಿಮ್ಮ ಎದೆಯ ಕಡೆ ಇದ್ದರೆ ನೀವು ಹಾಡುತ್ತೀರಿ, ಅವನ ಕಡೆ ಚಾಚಿದರೆ ಅವನ ಸರದಿ. ಚಾಚಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ. ಮೂರಕ್ಕೇ ಮತ್ತೆ ಹೇಳಿಕೊಟ್ಟರೆ ಅವನ ತಲೆಯಲ್ಲಿ ಸಿದ್ಧವಾಗುತ್ತಿದ್ದ ಉತ್ತರ ಮೊದಲಿನಿಂದ ಶುರುವಾಗಬೇಕಾಗುತ್ತದೆ. ‘ಮ್ಯಾಲ ಹೋಗು’, ‘ಸ್ವರ ಹಚ್ಚು’ ಇಂಥವನ್ನು ಬಿಡಿ. ಮೇಲೆ ಹೋಗು ಎಂದರೆ ಎದ್ದು ನಿಲ್ಲುವ ಮಕ್ಕಳಿದ್ದಾರೆ.

ತಿರುಗಿ ಹಾಡುವುದರಿಂದ ತಾನಾಗಿ ಹಾಡುವುದಕ್ಕೆ ದಾಟಿಸಲು ಭೂಪ ರಾಗ ಒಳ್ಳೆಯದು, ಐದೇ ಸ್ವರ, ಎಲ್ಲಾ ಶುದ್ಧ. ‘ಸಾ ರೇ ಗ–’ ಎಂದು ಹಾಡಿ ನಿಲ್ಲಿಸಿ, ಅಂಗೈ ಚಾಚಿ. ಅವನು ‘ಪ’ ತುಂಬುತ್ತಾನೆ. ಇದು ಗಟ್ಟಿಯಾದ ಮೇಲೆ ‘ಪ’, ‘ರೇ’ ಎಂದು ಬರೆದ ಎರಡು ಚೀಟಿ ಮುಂದಿಡಿ. ಯಾವುದನ್ನು ಎತ್ತಿದರೂ ಸರಿ, ಅದನ್ನು ನೀವಿಬ್ಬರೂ ಹಾಡುತ್ತೀರಿ. ಮುಖಡಾ ಬದಲಾಗದೆ ಉಳಿದು ಕೊನೆಯ ಸ್ವರ ಮಾತ್ರ ಅವನ ಆಯ್ಕೆ. ಆಲಾಪದ ಮೊದಲ ಮೆಟ್ಟಿಲು ಇದೇ.

ಕ್ಲಾಸಿನಲ್ಲಿ ಏನಾದ ಮೇಲೆ ಏನು ಎಂಬುದು ಅವನಿಗೆ ಕಾಣಬೇಕು. ನಿಮ್ಮದೇ ತಂಬೂರಿ, ಹಾರ್ಮೋನಿಯಂ, ತಾಳ ಹಾಕುವ ಕೈ, ತಬಲಾ, ಕೊನೆಗೆ ಅವನ ಚಪ್ಪಲಿ, ಇವುಗಳ ಫೋಟೋ ತೆಗೆದು ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿ. ಹಿಂದೆ ವೆಲ್ಕ್ರೋ ಅಂಟಿಸಿ ಒಂದು ರಟ್ಟಿನ ಮೇಲೆ ಸಾಲಾಗಿ ಹಚ್ಚಿ. ಒಂದೊಂದು ಮುಗಿದಂತೆ ಅವನೇ ಕಿತ್ತು ಡಬ್ಬಿಗೆ ಹಾಕಲಿ. ಇಂಟರ್ನೆಟ್ಟಿನ ಚಿತ್ರ ಬೇಡ. ಆ ತಂಬೂರಿ ನಿಮ್ಮ ಕೋಣೆಯಲ್ಲಿರುವುದಿಲ್ಲ. ಜೊತೆಗೆ ‘ಸಾಕು’, ‘ಜೋರಾಯ್ತು’, ‘ಮತ್ತೆ’, ‘ನೀರು’ ಎಂಬ ನಾಲ್ಕು ಚೀಟಿ ಕೈಯಳತೆಯಲ್ಲಿರಲಿ. ‘ಸಾಕು’ ಎತ್ತಿ ತೋರಿಸಿದ ಮೊದಲ ಹತ್ತು ಸಲ ಆ ಕ್ಷಣಕ್ಕೇ ನಿಲ್ಲಿಸಿ. ಚೀಟಿ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ಓಡುವುದು ಕಡಿಮೆಯಾಗುತ್ತದೆ.

ಸಂಗೀತದ ಗುರುಗಳಿಗೆ ಒಂದು ಚಟವಿದೆ: ‘ಇನ್ನೊಂದ ಸಲ’ ಎನ್ನುವುದು. ಒಂದು ಎಂದು ಹೇಳಿ ಹತ್ತು ಹಾಡಿಸುತ್ತೇವೆ. ಬೇರೆ ಮಕ್ಕಳಿಗೆ ಅದರ ಅರ್ಥ ‘ನನಗೆ ಸಾಕೆನಿಸುವವರೆಗೆ’ ಎಂದು ಗೊತ್ತು. ಈ ಹುಡುಗನಿಗೆ ಒಂದು ಅಂದರೆ ಒಂದೇ. ಎರಡನೆಯದಕ್ಕೆ ನೀವು ಮಾತು ತಪ್ಪಿದಿರಿ. ಐದು ಹುಣಸೆ ಬೀಜ ಒಂದು ಬಟ್ಟಲಲ್ಲಿಟ್ಟು, ಪಲಟಾ (ಸ್ವರಗಳ ಅಭ್ಯಾಸದ ಸಾಲು) ಒಮ್ಮೆ ಹಾಡಿದಾಗ ಒಂದನ್ನು ಇನ್ನೊಂದು ಬಟ್ಟಲಿಗೆ ಅವನೇ ಹಾಕಲಿ. ಬೀಜ ಮುಗಿದರೆ ಪಲಟಾ ಮುಗಿಯಿತು, ಐದನೆಯದು ಎಷ್ಟೇ ಕೆಟ್ಟಿರಲಿ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಬೀಜದ ಬದಲು ಬಳೆ ಬಳಸಿ.

ಹಾಡುವಾಗ ಅವನು ತೂಗಾಡುತ್ತಿದ್ದರೆ, ಬೆರಳು ಆಡಿಸುತ್ತಿದ್ದರೆ ಬಿಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅನ್ನಬೇಡಿ. ತಾಳ ಕಲಿಸಲು ಅವನ ಕೈಯನ್ನು ನೀವೇ ಹಿಡಿದು ತೊಡೆಗೆ ತಟ್ಟಿಸುವುದು, ಕ್ಲಾಸು ಮುಗಿದ ಮೇಲೆ ಕಾಲು ಮುಟ್ಟಿ ನಮಸ್ಕಾರ ಮಾಡಿಸುವುದು, ಎರಡೂ ಅವನು ಒಪ್ಪಿದರೆ ಮಾತ್ರ. ದೂರದಿಂದ ಕೈ ಮುಗಿದರೂ ನಮಸ್ಕಾರವೇ. ಹೊರಗೆ ಓಡುವ ಮಗುವಿಗೆ ಹೊರಗೊಂದು ಜಾಗ ಬೇಕು. ಪಡಸಾಲೆಯಲ್ಲಿ ಒಂದು ಚಾಪೆ ಹಾಸಿ, ಅಲ್ಲಿಗೆ ಹೋಗಲು ಅಪ್ಪಣೆ ಬೇಡ, ಹಿಂದಿನಿಂದ ಬೈಗುಳವೂ ಬೇಡ. ಗೇಟಿನ ಚಿಲಕ ಮಾತ್ರ ಅವನ ಕೈಗೆ ಎಟಕದಂತೆ ಮೇಲಿರಲಿ, ಮೊದಲ ತಿಂಗಳುಗಳಲ್ಲಿ ಮನೆಯವರೊಬ್ಬರು ಅಲ್ಲಿ ಕೂತಿರಲಿ. ರಸ್ತೆಗೆ ಓಡಿದರೆ ಉಳಿದ ಯಾವ ಜಾಣತನವೂ ಉಪಯೋಗಕ್ಕೆ ಬಾರದು.

ಗೊಣಗುವ ಪಾಲಕರಿಗೆ ಆಟಿಸಂ ಎಂಬ ಮಾತನ್ನು ಹುಡುಗನ ಮನೆಯವರನ್ನು ಕೇಳದೆ ಹೇಳಬೇಡಿ. ‘ಅವಗ ತಬಲಾ ಭಾಳ ಜೋರು ಕೇಳತೈತಿ, ಅದಕ್ಕ ಸ್ವಲ್ಪ ದಿನ ಸಣ್ಣಗ ಬಾರಸ್ತೀವಿ’ ಅಂದರೆ ಮಕ್ಕಳಿಗೂ ತಿಳಿಯುತ್ತದೆ, ದೊಡ್ಡವರಿಗೂ. ಅವರ ಮಕ್ಕಳಲ್ಲೇ ಒಬ್ಬರಿಗೆ ಎಡಿಎಚ್‌ಡಿಯೋ (ಗಮನ ನಿಲ್ಲದ ತೊಂದರೆ) ಡಿಸ್ಲೆಕ್ಸಿಯಾವೋ (ಓದಿನ ತೊಂದರೆ) ಇರಬಹುದು, ಅಂಥವರಿಗೆ ಸ್ವರ ಬರೆದ ಹಾಳೆ ಓದುವುದೇ ಕಷ್ಟ. ನಾವು ಬಳಸುವ ಭಾತಖಂಡೆ ಸ್ವರಲಿಪಿಯಲ್ಲಿ ಮಂದ್ರದ (ಕೆಳಗಿನ ಸಪ್ತಕ) ಚುಕ್ಕೆ ಅಕ್ಷರದ ಕೆಳಗೆ, ತಾರದ (ಮೇಲಿನ ಸಪ್ತಕ) ಚುಕ್ಕೆ ಮೇಲೆ. ಝೆರಾಕ್ಸಿನ ಝೆರಾಕ್ಸಿನಲ್ಲಿ ಎರಡೂ ಮಾಯವಾಗಿರುತ್ತವೆ. ಒಂದು ಸಾಲಿಗೆ ಒಂದೇ ಆವರ್ತನ, ದೊಡ್ಡ ಅಕ್ಷರ, ಕೋಮಲಕ್ಕೆ ಬೇರೆ ಬಣ್ಣ, ಹೀಗೆ ಒಂದು ಹಾಳೆ ಮಾಡಿಕೊಂಡರೆ ಇಡೀ ಬ್ಯಾಚಿಗೆ ಆಗುತ್ತದೆ.

ಮಾತು ಬರುತ್ತದೆಯೇ ಎಂಬುದಕ್ಕೆ: ಹಾಗೆಂದು ಪಾಲಕರಿಗೆ ಮಾತು ಕೊಡಬೇಡಿ. 2017ರಲ್ಲಿ ಪ್ರಕಟವಾದ, ಒಂಬತ್ತು ದೇಶಗಳ 364 ಮಕ್ಕಳ ಮೇಲಿನ ಸಂಗೀತ ಚಿಕಿತ್ಸೆಯ ದೊಡ್ಡ ಪ್ರಯೋಗದಲ್ಲಿ ಐದು ತಿಂಗಳ ನಂತರ ಆಟಿಸಂನ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ಕಾಕ್ರೇನ್ ಪರಾಮರ್ಶೆ ಒಟ್ಟಾರೆ ಸುಧಾರಣೆಯ ಬಗ್ಗೆ ಇನ್ನಷ್ಟು ಆಶಾದಾಯಕವಾಗಿದೆ, ಆದರೆ ಅವೆಲ್ಲ ತರಬೇತಾದ ಚಿಕಿತ್ಸಕರು ಮಾಡಿದ ಕೆಲಸ. ಇಂಥ ರಾಗಕ್ಕೆ ಇಂಥ ಕಾಯಿಲೆ ವಾಸಿ ಎಂದು ವಾಟ್ಸ್‌ಆ್ಯಪಿನಲ್ಲಿ ಬರುವ ಪಟ್ಟಿಗಳನ್ನಂತೂ ಪಕ್ಕಕ್ಕಿಡಿ. ಸ್ಪೀಚ್ ಥೆರಪಿ ನಡೆಯುತ್ತಿದ್ದರೆ ಅದು ನಡೆಯಲಿ. ನಿಮ್ಮ ಹತ್ತಿರ ಅವನು ಭೂಪ ಕಲಿಯುತ್ತಾನೆ. ಉಳಿದ ಏಳು ಮಕ್ಕಳಿಂದ ನೀವು ಭೂಪಕ್ಕಿಂತ ಹೆಚ್ಚೇನನ್ನೂ ಕೇಳುತ್ತಿಲ್ಲವಲ್ಲ.

ಗ್ಯಾದರಿಂಗ್‌ನಲ್ಲಿ ಹಾಡಿಸುವುದಾದರೆ ಅವನ ಹೆಸರು ಪಟ್ಟಿಯಲ್ಲಿ ಮೊದಲನೆಯದಿರಲಿ, ಅತಿಥಿಗಳ ಭಾಷಣಕ್ಕಿಂತ ಮುಂಚೆ. ಕೆಡಿಸುವುದು ಹಾಡಲ್ಲ, ಕಾಯುವುದು. ಮೈಕಿನ ಕೀಂಯ್ ಸದ್ದು ಬಾರದಂತೆ ಸ್ಪೀಕರುಗಳು ಮೈಕಿನ ಮುಂದಿರಲಿ, ಹಿಂದಲ್ಲ. ಒಂದು ದಿನ ಮೊದಲು ಖಾಲಿ ವೇದಿಕೆಯ ಮೇಲೆ ಹಾಡಿಸಿ.

ಪರೀಕ್ಷೆಗೆ ಕೂರಿಸಬಹುದು, ಅವಸರವೇನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ಪರೀಕ್ಷಾ ಪದ್ಧತಿಯಲ್ಲಿ ಸೂಕ್ತ ಮಾರ್ಪಾಡು ಮಾಡಬೇಕೆಂದು ಅದರ 17ನೇ ಕಲಮು ಹೇಳುತ್ತದೆ. ಮುಂದೆ ಲೇಖಿ (ಬರವಣಿಗೆಯ) ಪತ್ರಿಕೆಗಳು ಬಂದಾಗ ಕೇಂದ್ರ ಸರಕಾರದ ಆಗ ಜಾರಿಯಲ್ಲಿರುವ ಮಾರ್ಗಸೂಚಿಯನ್ನು ತೋರಿಸಿ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು 2018ರದರಲ್ಲಿ ಇತ್ತು. ಪ್ರಾಯೋಗಿಕಕ್ಕೆ ಬೇಕಾದ್ದು ಬೇರೆ: ಆ ದಿನದ ಮೊದಲ ಸರದಿ, ಅವನಿಗೆ ಪರಿಚಯವಿರುವ ತಬಲಜಿ, ನಿಮ್ಮದೇ ಪೆಟ್ಟಿಗೆ, ತಾಯಿಗೆ ಒಳಗೆ ಕೂರಲು ಅನುಮತಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಒಂದೊಂದಾಗಿ ಕೊಡುವುದು, ಪ್ರತಿ ಪ್ರಶ್ನೆಯ ನಂತರ ಹತ್ತು ಸೆಕೆಂಡ್ ಕಾಯುವುದು. ಇದನ್ನೆಲ್ಲ ಒಂದೇ ಪುಟದಲ್ಲಿ ಬರೆದು, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಪ್ರತಿ ಲಗತ್ತಿಸಿ, ಫಾರ್ಮ್ ತುಂಬುವ ದಿನವೇ ಪರೀಕ್ಷಾ ಕೇಂದ್ರದವರಿಗೆ ಕೊಟ್ಟು ಒಂದು ಪ್ರತಿಯ ಮೇಲೆ ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಪರೀಕ್ಷೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಿದರೆ ಪರೀಕ್ಷಕರಿಗೆ ಮನಸ್ಸಿದ್ದರೂ ಸರದಿ ಬದಲಿಸುವುದು ಕಷ್ಟ.